ಬೀದಿಗೂ ಬೇಕು ಒಂದು ಸುದ್ದಿಹಾಳೆ

ಅಮೆರಿಕದ ಅಧ್ಯಕ್ಷರು ನಿನ್ನೆ ಏನು ಹೇಳಿದರು ಎಂಬುದು ಬೆಂಗಳೂರಿನ ಮಧ್ಯಮ ವರ್ಗದ ಮನೆಗೆ ಬೆಳಗಿನ ಕಾಫಿಗೂ ಮೊದಲೇ ತಲುಪುತ್ತದೆ. ವಿಧಾನಸೌಧದಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದು ಮಧ್ಯಾಹ್ನದೊಳಗೆ ಎಲ್ಲರಿಗೂ ಗೊತ್ತು. ಆದರೆ ಅದೇ ಮನೆಯ ಎದುರಿನ ಹೊಂಗೆ ಮರ ಈ ವರ್ಷ ಯಾವಾಗ ಚಿಗುರಿತು, ಬೀದಿಯ ಮೂಲೆಯ ಮೋರಿ ಕಳೆದ ಮಳೆಗಾಲದಲ್ಲಿ ಎಷ್ಟು ಬಾರಿ ಉಕ್ಕಿತು, ಹತ್ತಿರದ ಕೆರೆಗೆ ನೀರು ತರಬೇಕಾದ ಕಾಲುವೆ ಯಾರ ಕಾಂಪೌಂಡಿನ ಅಡಿಯಲ್ಲಿ ಹೂತುಹೋಗಿದೆ ಎಂದು ಕೇಳಿದರೆ ಮನೆಯವರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ದೂರದ ಸುದ್ದಿಗೆ ನಮ್ಮಲ್ಲಿ ನೂರು ಕಿವಿಗಳಿವೆ. ಹೊಸ್ತಿಲಾಚೆಯ ಸುದ್ದಿಗೆ ಒಂದೂ ಇಲ್ಲ.

ಇದನ್ನು ಹಳೆಯ ಕಾಲದ ಹಂಬಲವೆಂದು ತಳ್ಳಿಹಾಕುವುದು ಸುಲಭ. ನನ್ನ ವಾದ ಹಂಬಲದ್ದಲ್ಲ, ಆಡಳಿತದ್ದು. ಮುನ್ನೂರು, ನಾನೂರು ಮನೆಗಳಿರುವ ಪ್ರತಿ ಬಡಾವಣೆಗೂ, ಪ್ರತಿ ವಸತಿ ಸಮುಚ್ಚಯಕ್ಕೂ ತನ್ನದೇ ಆದ ಒಂದು ಸುದ್ದಿಹಾಳೆ ಬೇಕು. ಅದು ತಿಂಗಳಿಗೊಮ್ಮೆ ಬರುವ ಎರಡೇ ಪುಟಗಳ ಹಾಳೆಯಾದರೂ ಸಾಕು. ಅದರ ಅರ್ಧದಷ್ಟು ಜಾಗ ಮಳೆ, ಮರ, ಕೆರೆ, ಹಕ್ಕಿ, ಹಾವುಗಳಿಗೆ ಮೀಸಲಾಗಿರಬೇಕು. ನೀರು ಬರುವ ದಿನ, ವಿದ್ಯುತ್ ಕಡಿತದ ಹೊತ್ತು, ಕಸದ ಗಾಡಿಯ ಸಮಯ ಇವೆಲ್ಲ ಹೇಗೆ ನಾಗರಿಕ ಜೀವನದ ಸುದ್ದಿಯೋ ನಿಸರ್ಗದ ವರ್ತಮಾನವೂ ಹಾಗೆಯೇ ನಾಗರಿಕ ಜೀವನದ ಸುದ್ದಿ. ಅದನ್ನು ಬರೆದಿಡದ ಬಡಾವಣೆ ತನ್ನ ಹಿತಕ್ಕಾಗಿ ವಾದಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಇಂದು ಪ್ರತಿ ಬಡಾವಣೆಗೂ ಮೊಬೈಲ್ ಗುಂಪುಗಳಿವೆ, ಸುದ್ದಿಗೆ ಬರವೆಲ್ಲಿದೆ ಎಂದು ಓದುಗರು ಕೇಳಬಹುದು. ನಿಜ, ಸುದ್ದಿಯ ವೇಗಕ್ಕೆ ಬರವಿಲ್ಲ, ಬರವಿರುವುದು ನೆನಪಿಗೆ. ಬೆಳಿಗ್ಗೆ ಯಾರೋ ರಸ್ತೆಗೆ ಬಿದ್ದ ಕೊಂಬೆಯ ಚಿತ್ರ ಹಾಕುತ್ತಾರೆ. ಅದರ ಮೇಲೆ ಹುಟ್ಟುಹಬ್ಬದ ನಲವತ್ತು ಶುಭಾಶಯಗಳು ಬಂದು ಕೂರುತ್ತವೆ. ಸಂಜೆಯ ಹೊತ್ತಿಗೆ ಕೊಂಬೆ ಬಿದ್ದದ್ದು ಯಾವ ಮರದಿಂದ, ಅದೇ ಮರದಿಂದ ಕಳೆದ ವರ್ಷವೂ ಬಿದ್ದಿತ್ತೇ ಎಂದು ಹೇಳಬಲ್ಲವರು ಇರುವುದಿಲ್ಲ. ಆರು ತಿಂಗಳ ನಂತರ ಪಾಲಿಕೆಯ ಅಧಿಕಾರಿಗೆ ತೋರಿಸಲು ಬೇಕಾದ ಸಾಕ್ಷ್ಯ ನೂರಾರು ಸಂದೇಶಗಳ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ.

ವೇಗ ಮಾತ್ರ ಇದ್ದು ವಿವೇಚನೆ ಇಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೆ 2023ರ ಅಕ್ಟೋಬರ್ ಕೊನೆಯ ದಿನಗಳನ್ನು ನೆನೆಯಬಹುದು. ಕೂಡ್ಲು ಗೇಟ್, ಸಿಂಗಸಂದ್ರದ ಸುತ್ತಮುತ್ತ ಚಿರತೆಯೊಂದು ಕಾಣಿಸಿಕೊಂಡಿತು. ನವೆಂಬರ್ 1ರಂದು ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಆ ಪ್ರಾಣಿ ಸತ್ತಿತು. ನಿಸರ್ಗ ಎಂಬುದು ನಮ್ಮ ಬಡಾವಣೆಗಳಿಗೆ ಸುದ್ದಿಯಾಗಿ ಬರುವುದು ಇಂಥ ಭೀತಿಯ ರೂಪದಲ್ಲಿ ಮಾತ್ರ. ಚಿರತೆ ಬಂದಾಗ, ಹಾವು ಹೊಕ್ಕಾಗ, ಮರ ಕಾರಿನ ಮೇಲೆ ಬಿದ್ದಾಗ, ನೀರು ಮನೆಯೊಳಗೆ ನುಗ್ಗಿದಾಗ ಅದು ನೆನಪಾಗುತ್ತದೆ. ಉಳಿದ ಮುನ್ನೂರ ಅರವತ್ತು ದಿನ ಅದು ನಡೆದುಕೊಂಡ ಬಗೆಯನ್ನು ಗಮನಿಸಿದವರಿಗೆ ಆ ಐದು ದಿನಗಳ ಅನಾಹುತ ಅಷ್ಟೊಂದು ಅನಿರೀಕ್ಷಿತವಾಗಿರುವುದಿಲ್ಲ.

ನಮ್ಮ ಹಿರಿಯರಿಗೆ ಈ ಬಗೆಯ ಸುದ್ದಿ ಹೊಸದಾಗಿರಲಿಲ್ಲ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆಗೆ ಹೆಸರಿಟ್ಟು, ಯಾವ ಮಳೆ ಯಾವ ವರ್ಷ ಕೈಕೊಟ್ಟಿತೆಂದು ನೆನಪಿಟ್ಟುಕೊಂಡು ಮಾತಾಡುತ್ತಿದ್ದ ಜನ ಅವರು. ಊರ ಕೆರೆ ಕೋಡಿ ಬಿದ್ದ ದಿನ ಇಡೀ ಊರಿಗೆ ಸುದ್ದಿ. ಗಂಗಮ್ಮನಿಗೆ ಬಾಗಿನ ಕೊಡುವುದು ಆ ಸುದ್ದಿಯ ಆಚರಣೆ. ಕೆರೆಯ ತೂಬನ್ನು ಕಾಯುವ ನೀರಗಂಟಿ ಆ ಊರಿನ ಜಲಸುದ್ದಿಯ ವರದಿಗಾರನೂ ಆಗಿದ್ದ. ಆ ಊರುಗಳ ಗದ್ದೆ, ತೋಪುಗಳ ಮೇಲೆಯೇ ನಮ್ಮ ಬಡಾವಣೆಗಳು ಎದ್ದು ನಿಂತಿವೆ. ಗದ್ದೆಯ ಜೊತೆಗೆ ನೀರಗಂಟಿಯ ಕೆಲಸವನ್ನೂ ಮಣ್ಣುಮಾಡಿದ್ದೇವೆ. ಆದರೆ ನೀರು ಹರಿಯುವ ದಾರಿ ಮಾತ್ರ ಬದಲಾಗಿಲ್ಲ.

ಬೆಂಗಳೂರಿನ ಊರುಗಳ ಹೆಸರುಗಳಲ್ಲೇ ಹಳೆಯ ಸುದ್ದಿಯೊಂದು ಉಳಿದುಕೊಂಡಿದೆ. ಅತ್ತಿಗುಪ್ಪೆ, ಹೊಂಗಸಂದ್ರ, ಹಲಸೂರು, ತಾವರೆಕೆರೆ, ಮಾವಳ್ಳಿ ಎನ್ನುವಾಗ ನಾಲಗೆಯ ಮೇಲೆ ಅತ್ತಿ, ಹೊಂಗೆ, ಹಲಸು, ತಾವರೆ, ಮಾವುಗಳು ಹಾದುಹೋಗುತ್ತವೆ. ಹೊಸ ಬಡಾವಣೆಗಳಿಗೆ ಲಂಡನ್ನಿನದೋ ಇಟಲಿಯದೋ ಹೆಸರಿಡುವ ಇಂದಿನ ರೂಢಿಯಲ್ಲಿ ಮುಂದಿನ ತಲೆಮಾರಿಗೆ ಇಷ್ಟು ಸುಳಿವೂ ಸಿಗದು.

ಹಾಗೆಂದು ನಗರಕ್ಕೆ ತನ್ನದೇ ಆದ ನಿಸರ್ಗದ ಪಂಚಾಂಗವೇ ಇಲ್ಲವೆಂದಲ್ಲ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ತೋಟಗಾರಿಕಾ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ವರ್ಷದ ಒಂದಲ್ಲ ಒಂದು ತಿಂಗಳಲ್ಲಿ ಯಾವುದಾದರೂ ರಸ್ತೆ ಹೂಬಿಟ್ಟಿರಬೇಕೆಂಬ ಎಣಿಕೆಯಿಂದ ಸಾಲುಮರಗಳನ್ನು ಆರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳ್ತನದಲ್ಲಿ ಈ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳು ನೆಲ ಕಂಡವು. ಅವರಿಬ್ಬರ ದೂರದೃಷ್ಟಿಯಿಂದಾಗಿ ಇಂದಿಗೂ ಫೆಬ್ರುವರಿಯಲ್ಲಿ ಹಳದಿ ಟಬೆಬುಯಾ, ಅದರ ಹಿಂದೆಯೇ ಜಕರಂಡದ ನೀಲಿ, ಯುಗಾದಿಯ ಆಸುಪಾಸಿನಲ್ಲಿ ಹೊಂಗೆಯ ಎಳೆಹಸಿರು, ಬೇಸಿಗೆ ಬಲಿತಾಗ ಗುಲ್‌ಮೊಹರ್ ಮತ್ತು ಕಕ್ಕೆ, ಮಳೆ ಹಿಂದೆ ಸರಿದ ಮೇಲೆ ಆಕಾಶಮಲ್ಲಿಗೆ ಹೀಗೆ ಗೋಡೆಯ ಕ್ಯಾಲೆಂಡರ್ ನೋಡದೆಯೂ ತಿಂಗಳು ಹೇಳಬಹುದು. ಈ ಪಂಚಾಂಗ ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗುತ್ತಿದೆಯೇ ಎಂಬುದು ಹವಾಮಾನ ಬದಲಾವಣೆಯ ಈ ಕಾಲದಲ್ಲಿ ಗಂಭೀರ ಪ್ರಶ್ನೆ. ಉತ್ತರ ಬೇಕಾದರೆ ಯಾರಾದರೂ ದಿನಾಂಕ ಬರೆದಿಟ್ಟಿರಬೇಕು.

ನಗರದ ದಕ್ಷಿಣ ಭಾಗದಲ್ಲಿರುವ ನಮ್ಮ ಬಡಾವಣೆಯಲ್ಲಿ ನಾವು ಕೆಲವರು ಕೆಲವು ವರ್ಷಗಳಿಂದ ಇಂಥದೊಂದು ಹಾಳೆಯನ್ನು ನಡೆಸಿಕೊಂಡು ಬಂದಿದ್ದೇವೆ. ಅದರಲ್ಲಿ ಹೆಗ್ಗಳಿಕೆಯೇನೂ ಇಲ್ಲ. ಒಂದು ಪುಟ ಕನ್ನಡ, ಅದರ ಬೆನ್ನಿಗೆ ಇಂಗ್ಲಿಷ್. ಹಾಲಿನ ಬೂತಿನ ಗೋಡೆಗೆ, ಉದ್ಯಾನದ ಗೇಟಿಗೆ, ಕ್ಷೇಮಾಭಿವೃದ್ಧಿ ಸಂಘದ ಕಚೇರಿಯ ಬಾಗಿಲಿಗೆ ಒಂದೊಂದು ಪ್ರತಿ. ಕೇಳಿದವರಿಗೆ ಮನೆಗೆ ಒಂದು. ಅದರ ಒಂದು ಪ್ರತಿಯನ್ನು ದಪ್ಪ ಕಡತದಲ್ಲಿ ಹೊಲಿದಿಡುತ್ತೇವೆ. ಹಾಳೆಯ ನಿಜವಾದ ಬೆಲೆ ಇರುವುದು ಗೋಡೆಯ ಮೇಲಿನ ಪ್ರತಿಯಲ್ಲಲ್ಲ, ಆ ಕಡತದಲ್ಲಿ.

ಸುದ್ದಿಗಳು ಸಣ್ಣವು. ನಾಲ್ಕನೇ ಅಡ್ಡರಸ್ತೆಯ ವಿದ್ಯುತ್ ಪರಿವರ್ತಕದ ಬಳಿ ಕೇರೆ ಹಾವು ಕಂಡಿದೆ, ಅದಕ್ಕೆ ವಿಷವಿಲ್ಲ, ಇಲಿಗಳನ್ನು ತಿಂದು ನಮ್ಮ ಕೆಲಸವನ್ನೇ ಮಾಡುತ್ತಿದೆ, ಕಲ್ಲು ಹೊಡೆಯಬೇಡಿ. ಸೆಪ್ಟೆಂಬರ್ ಮೊದಲ ವಾರ ಬೂದು ಸಿಪಿಲೆ ಬಂದಿಳಿದಿದೆ, ಚಳಿಗಾಲದ ಅತಿಥಿಗಳ ಮುಂಗಾಪು ಅದು. ನೀರಿನ ತೊಟ್ಟಿಯ ಎತ್ತರದಲ್ಲಿ ಹೆಜ್ಜೇನು ಕಟ್ಟಿದೆ, ಅದು ಋತುವಿಗೆ ತಕ್ಕಂತೆ ವಲಸೆ ಹೋಗುವ ಜೇನು, ಕೆಣಕದಿದ್ದರೆ ತಾನಾಗಿಯೇ ಎದ್ದು ಹೋಗುತ್ತದೆ, ಅಲ್ಲಿಯತನಕ ಆ ಭಾಗದಲ್ಲಿ ಪಟಾಕಿಯನ್ನೂ ಹೊಗೆಯನ್ನೂ ದೂರವಿಡಿ. ಈ ಕೊನೆಯ ಸುದ್ದಿ ಮೊದಲ ಸಲ ಪ್ರಕಟವಾಗುವವರೆಗೆ ನಮ್ಮಲ್ಲಿ ಹೆಜ್ಜೇನು ಕಂಡರೆ ಔಷಧಿ ಹೊಡೆಯುವವರನ್ನು ಕರೆಸುವುದೇ ವಾಡಿಕೆಯಾಗಿತ್ತು. ಈಗ ಆ ಗೂಡು ಹೋದ ವಾರ ಯಾವುದೆಂದು ಜನರೇ ಬಂದು ತಿಳಿಸುತ್ತಾರೆ.

ಮಳೆಯ ಲೆಕ್ಕ ನಮ್ಮ ಹಾಳೆಯ ಕಾಯಂ ಅಂಕಣ. ಒಬ್ಬ ನಿವೃತ್ತ ಶಿಕ್ಷಕಿ ತಮ್ಮ ತಾರಸಿಯ ಮೇಲೆ ಮಳೆಮಾಪಕ ಇಟ್ಟು ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯುತ್ತಾರೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ 111 ಮಿಲಿಮೀಟರ್ ಮಳೆ ದಾಖಲಾಯಿತು. ಜೂನ್ ತಿಂಗಳ ಒಂದೇ ದಿನದ ಮಳೆಯ ಮಟ್ಟಿಗೆ ಅದು 133 ವರ್ಷಗಳ ಹಳೆಯ ದಾಖಲೆಯನ್ನು ಮುರಿಯಿತು. ನಗರದ ಎಷ್ಟೋ ಕಡೆ ಮರಗಳು ಉರುಳಿದವು. ಪತ್ರಿಕೆಗಳಿಗೆ ಸುದ್ದಿ ಅಷ್ಟು. ಬಡಾವಣೆಯ ಹಾಳೆಗೆ ಸುದ್ದಿ ಬೇರೆಯೇ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 1,000 ಚದರ ಅಡಿಯ ತಾರಸಿಯ ಮೇಲೆ 111 ಮಿಲಿಮೀಟರ್ ಬಿದ್ದರೆ ಅದು 10,000 ಲೀಟರಿಗೂ ಹೆಚ್ಚು, ಅಂದರೆ ಒಂದು ದೊಡ್ಡ ಟ್ಯಾಂಕರಿನ ಹತ್ತಿರ ಹತ್ತಿರ. ಅದೇ ವರ್ಷದ ಮಾರ್ಚಿಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಸರದಿ ಕಾದ ಜನ ನಾವು. ಮೂರು ತಿಂಗಳ ಅಂತರದಲ್ಲಿ ಅದೇ ನೀರು ನಮ್ಮ ತಾರಸಿಯಿಂದ ಮೋರಿಗೆ, ಮೋರಿಯಿಂದ ರಸ್ತೆಗೆ ಹರಿದುಹೋಯಿತು. ಈ ಎರಡು ಸಂಗತಿಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಅಚ್ಚುಹಾಕಿದ ಮೇಲೆ, ಭಾಷಣಗಳಿಂದ ಆಗದ ಕೆಲಸವೊಂದು ಆಯಿತು. ಹೂಳು ತುಂಬಿದ್ದ ಇಂಗುಗುಂಡಿಗಳನ್ನು ತೆರೆಸಲು ಹಲವು ಮನೆಯವರು ತಾವಾಗಿಯೇ ಮುಂದೆ ಬಂದರು.

ಇನ್ನೊಂದು ಪ್ರಸಂಗ ಮರಗಳದ್ದು. ಉದ್ಯಾನದ ಅಂಚಿನ ಮಳೆಮರಗಳ ಸಾಲು ಅಪಾಯಕಾರಿ, ಎಲ್ಲವನ್ನೂ ತೆಗೆಸಿ ವಾಹನ ನಿಲ್ಲಿಸಲು ಜಾಗ ಮಾಡಬೇಕು ಎಂಬ ಬೇಡಿಕೆ ಸಂಘದ ಸಭೆಗೆ ಬಂತು. ಬೇಡಿಕೆ ಇಟ್ಟವರು ದುಷ್ಟರಲ್ಲ. ಅವರಲ್ಲೊಬ್ಬರ ಕಾರಿನ ಮೇಲೆ ಕೊಂಬೆ ಬಿದ್ದಿತ್ತು, ಮನೆಯಲ್ಲಿ ವಯಸ್ಸಾದ ತಾಯಿ ಇದ್ದರು. ವಿರೋಧಿಸಿದವರ ಬಳಿಯೂ ಮೊದಲಿಗೆ ಇದ್ದದ್ದು ಭಾವನೆಗಳೇ. ಕಡತ ತೆರೆದು ನೋಡಿದಾಗ, ಅಷ್ಟು ವರ್ಷಗಳಲ್ಲಿ ಬಿದ್ದ ಕೊಂಬೆಗಳೆಲ್ಲ ಎರಡೇ ಮರಗಳವು ಎಂಬುದು ಕಂಡಿತು. ಎರಡರ ಬುಡಕ್ಕೂ ಕಾಂಕ್ರೀಟು ಸುರಿದಿದ್ದರು, ಕೇಬಲಿನ ಅಗೆತದಲ್ಲಿ ಒಂದರ ಬೇರು ತುಂಡಾಗಿತ್ತು. ಅದರ ದಿನಾಂಕವೂ ಹಾಳೆಯಲ್ಲಿತ್ತು. ಮರ ಅಧಿಕಾರಿಗಳ ಸಿಬ್ಬಂದಿ ಬಂದು ನೋಡಿ, ಒಂದು ಮರವನ್ನು ತೆಗೆಯಲು, ಇನ್ನೊಂದರ ಕೊಂಬೆ ಸವರಲು ಒಪ್ಪಿದರು. ಉಳಿದವು ಉಳಿದವು. ಮರ ಕಳೆದುಕೊಂಡವರಿಗೂ ನೆರಳು ಉಳಿಸಿಕೊಂಡವರಿಗೂ ಪೂರ್ಣ ಸಮಾಧಾನವಿಲ್ಲ. ಆದರೂ ಜಗಳವೊಂದು ಊಹೆಯಿಂದ ವಾಸ್ತವಕ್ಕೆ ಇಳಿದು ಬಂತು. ಅಕ್ಕಪಕ್ಕದ ಮನೆಯವರಾಗಿ ಬಾಳಬೇಕಾದವರಿಗೆ ಇದು ಸಣ್ಣ ಲಾಭವಲ್ಲ.

ಇಲ್ಲಿಂದ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಗರಾಡಳಿತಕ್ಕೆ ನೆನಪು ಕಡಿಮೆ. ವಾರ್ಡಿನ ಎಂಜಿನಿಯರ್ ವರ್ಗವಾಗಿ ಹೋಗುತ್ತಾರೆ, ಹೊಸಬರಿಗೆ ಹಳೆಯ ಮೋರಿಯ ಚರಿತ್ರೆ ತಿಳಿದಿರುವುದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಈ ನಗರಕ್ಕೆ ಚುನಾಯಿತ ಕಾರ್ಪೊರೇಟರುಗಳೇ ಇರಲಿಲ್ಲ. 2025ರಲ್ಲಿ ಆ ಪಾಲಿಕೆಯೇ ಇತಿಹಾಸಕ್ಕೆ ಸರಿದು, ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರ ಅಡಿ 5 ನಗರ ಪಾಲಿಕೆಗಳು ಬಂದವು. ಗಡಿಗಳು ಬದಲಾದವು, ಕಚೇರಿಗಳು ಬದಲಾದವು, ಕಡತಗಳು ಒಂದು ಮೇಜಿನಿಂದ ಇನ್ನೊಂದಕ್ಕೆ ಪ್ರಯಾಣ ಬೆಳೆಸಿದವು. ಬದಲಾಗದೆ ಉಳಿದದ್ದು ಬೀದಿ, ಅದರ ಇಳಿಜಾರು, ಅದರ ಮರಗಳು ಮತ್ತು ಅಲ್ಲಿ ವಾಸಿಸುವ ಜನ. ಆದ್ದರಿಂದ ನೆನಪಿಡುವ ಕೆಲಸ ಬೀದಿಯದೇ ಆಗಬೇಕು.

ಕಾನೂನು ಕೂಡ ಈ ನೆನಪನ್ನೇ ಕೇಳುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಗರದಲ್ಲಿ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದಾಗ ಸಾರ್ವಜನಿಕರಿಂದ ಆಕ್ಷೇಪಗಳನ್ನು ಕರೆಯಬೇಕು. ಇರುವ ಮರಗಳ ಗಣತಿ ಮಾಡುವುದೂ ಅದೇ ಕಾಯ್ದೆ ವೃಕ್ಷ ಪ್ರಾಧಿಕಾರಕ್ಕೆ ವಹಿಸಿದ ಕರ್ತವ್ಯ. 2016ರಲ್ಲಿ ಉಕ್ಕಿನ ಮೇಲ್ಸೇತುವೆಗಾಗಿ 812 ಮರಗಳು ಹೋಗುತ್ತವೆ ಎಂದು ತಿಳಿದಾಗ ಜನ ಬೀದಿಗಿಳಿದರು. 2017ರ ಮಾರ್ಚಿಯಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಅಂಥ ದೊಡ್ಡ ಹೋರಾಟಗಳಿಗೆ ಪತ್ರಿಕೆ, ಟಿ.ವಿ.ಗಳ ಬೆಂಬಲ ಸಿಗುತ್ತದೆ. ಅಡ್ಡರಸ್ತೆಯ ಆರು ಮರಗಳಿಗೆ ಸಿಗುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ‘ಇಲ್ಲಿ ಮೊದಲು ತುಂಬಾ ಹಕ್ಕಿಗಳಿದ್ದವು’ ಎಂಬ ನಿಟ್ಟುಸಿರಲ್ಲ. ಯಾವ ಮರ, ಎಷ್ಟು ಸುತ್ತಳತೆ, ಯಾವ ತಿಂಗಳಲ್ಲಿ ಯಾವ ಹಕ್ಕಿ ಗೂಡು ಕಟ್ಟಿತ್ತು ಎಂಬ ದಿನಾಂಕಸಹಿತ ಬರಹ.

2002ರ ಜೀವವೈವಿಧ್ಯ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಸ್ಥಳೀಯರ ಜೊತೆಗೂಡಿ ಜನತಾ ಜೀವವೈವಿಧ್ಯ ದಾಖಲೆ ಸಿದ್ಧಪಡಿಸಬೇಕು ಎಂಬುದು ಅದರ ವ್ಯವಸ್ಥೆ. ಈ ದಾಖಲೆಯ ಪರಿಕಲ್ಪನೆಯ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದ ಮಾಧವ ಗಾಡ್ಗೀಳರ ಚಿಂತನೆ ಇತ್ತು. ತಮ್ಮ ಸುತ್ತಲಿನ ಜೀವರಾಶಿಯ ಬಗ್ಗೆ ಅಲ್ಲಿ ಬಾಳುವವರಿಗೆ ತಿಳಿದಿರುವುದು ತಜ್ಞರ ತಿಳಿವಳಿಕೆಯಷ್ಟೇ ಬೆಲೆಯುಳ್ಳದ್ದು ಎಂಬ ನಂಬಿಕೆ ಅದು. ಹಳ್ಳಿಗಾದರೆ ಹಿರಿಯರನ್ನು ಕೂರಿಸಿಕೊಂಡು ಕೇಳಬಹುದು. ನಗರದ ಬಡಾವಣೆಯಲ್ಲಿ, ಹತ್ತು ವರ್ಷಕ್ಕೊಮ್ಮೆ ಅರ್ಧ ಜನ ಮನೆ ಬದಲಿಸುವ ಕಡೆ, ಯಾರನ್ನು ಕೇಳುವುದು? ತಿಂಗಳ ಹಾಳೆಯೇ ಅಲ್ಲಿನ ಹಿರಿಯ.

ಸಣ್ಣ ಹಾಳೆಗಳ ಶಕ್ತಿಯನ್ನು ಅನುಮಾನಿಸುವವರು 1960ರಲ್ಲಿ ಜಾಫರ್ ಫತೇಹಅಲಿ ಆರಂಭಿಸಿದ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ನೆನಪಿಸಿಕೊಳ್ಳಬೇಕು. ಮೊದಲಿಗೆ ಕಲ್ಲಚ್ಚಿನಷ್ಟೇ ಸರಳವಾದ ಸೈಕ್ಲೋಸ್ಟೈಲ್ ಪ್ರತಿಗಳು, ಬೆರಳೆಣಿಕೆಯ ಚಂದಾದಾರರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಅವರು 2003ರವರೆಗೂ ಅದನ್ನು ಸಂಪಾದಿಸಿದರು. ಆಮೇಲೂ ಅದು ಬೆಂಗಳೂರಿನಿಂದಲೇ ಮುಂದುವರಿಯಿತು. ಗುಮಾಸ್ತರು, ವೈದ್ಯರು, ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಕಂಡದ್ದನ್ನು ಬರೆದು ಕಳಿಸಬಹುದಾದ ಅಂಥ ಪುಟಗಳಿಂದಲೇ ಭಾರತದಲ್ಲಿ ಪಕ್ಷಿವೀಕ್ಷಣೆ ಸಾಮಾನ್ಯರ ಹವ್ಯಾಸವಾಗಿ ಬೇರೂರಿತು. ಇಂದು ಒಂದೇ ಮರವನ್ನು ವಾರವಾರವೂ ಗಮನಿಸಿ ಚಿಗುರು, ಹೂ, ಕಾಯಿಗಳ ಕಾಲ ದಾಖಲಿಸುವ ‘ಸೀಸನ್‌ವಾಚ್’ ಯೋಜನೆ ಇದೆ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಿಲ ಹಕ್ಕಿಗಳ ಗಣತಿಯಲ್ಲಿ 2013ರಿಂದ ಭಾರತೀಯರೂ ಭಾಗವಹಿಸುತ್ತಿದ್ದಾರೆ. ಬಡಾವಣೆಯ ಹಾಳೆಗೆ ಸೇರಿದ ಮಾಹಿತಿ ಇಂಥ ದೊಡ್ಡ ಹೊಳೆಗೂ ಸೇರಬಲ್ಲದು.

ನಮ್ಮ ನಗರದಲ್ಲೇ ಉದಾಹರಣೆಗಳಿವೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಉಳಿಸಲು ಸುತ್ತಲಿನ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟ್ ಕಟ್ಟಿಕೊಂಡರು. 2011ರಲ್ಲಿ ಅದರ ನಿರ್ವಹಣೆಗಾಗಿ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡರು. ಒಣಗಿ ಕಸದ ಗುಂಡಿಯಾಗುವ ಹಾದಿಯಲ್ಲಿದ್ದ ಆ ಕೆರೆಗೆ ಯಾವ ಹಕ್ಕಿಗಳು ಮರಳಿದವು, ಯಾವಾಗ ಜೊಂಡು ಬೆಳೆಯಿತು, ಯಾವಾಗ ಕಳೆ ತೆಗೆಯಲಾಯಿತು ಎಂಬುದನ್ನು ಅವರು ಬರೆದು ಹಂಚಿಕೊಳ್ಳುತ್ತ ಬಂದರು. ನೆರೆಹೊರೆಯವರು ಹಣ, ಶ್ರಮ ನೀಡಿದ್ದು ಕೆರೆ ಎಂಬ ಅಮೂರ್ತ ಆದರ್ಶಕ್ಕಲ್ಲ. ತಾವು ತಿಂಗಳುತಿಂಗಳೂ ಸುದ್ದಿ ಕೇಳುತ್ತಿದ್ದ, ಹತ್ತಿರದ ಬಂಧುವಿನಂತಾದ ಒಂದು ಕೆರೆಗೆ.

ಆದರೆ ಕಾಂಪೌಂಡಿನ ಒಳಗಿನ ಅರಿವಿಗೂ ಒಂದು ಮಿತಿ ಇದೆ. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆ ಮಳೆನೀರು ಕೊಯ್ಲಿಗೆ, ಇಂಗುಬಾವಿಗಳಿಗೆ ಹೆಸರಾದದ್ದು. ತನ್ನ ಅಂತರ್ಜಲವನ್ನು ಅಷ್ಟು ಶಿಸ್ತಿನಿಂದ ನೋಡಿಕೊಂಡ ಸಮುದಾಯಗಳು ನಗರದಲ್ಲಿ ವಿರಳ. 2022ರ ಆಗಸ್ಟ್, ಸೆಪ್ಟೆಂಬರಿನ ಮಳೆಗೆ ಅದೇ ಬಡಾವಣೆ ಮುಳುಗಿ, ಜನರನ್ನು ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ನೀರಿಗೆ ಗೇಟು, ಗೋಡೆಗಳ ಹಂಗಿಲ್ಲ. ಮೇಲಿನ ಕೆರೆಯ ಕೋಡಿ, ಕೆಳಗಿನ ರಾಜಕಾಲುವೆಯ ಒತ್ತುವರಿ ಎರಡೂ ಸೇರಿ ನಡುವಿನವರ ಹಣೆಬರಹ ಬರೆಯುತ್ತವೆ. ಆದ್ದರಿಂದ ಬಡಾವಣೆಯ ಹಾಳೆ ತನ್ನ ಗಡಿಯಾಚೆಗೂ ಒಂದು ಕಣ್ಣಿಟ್ಟಿರಬೇಕು. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ನಕ್ಷೆಯೊಂದು ಪ್ರತಿ ಮೇ ತಿಂಗಳ ಸಂಚಿಕೆಯಲ್ಲಿ ಇರಲೇಬೇಕು. ನೆರೆಯ ಬಡಾವಣೆಯ ಹಾಳೆಯೊಂದಿಗೆ ಪ್ರತಿ ವಿನಿಮಯ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಇವೆಲ್ಲ ಹೊಟ್ಟೆ ತುಂಬಿದವರ ಚಪಲ ಎಂಬ ಆಕ್ಷೇಪಕ್ಕೆ ಉತ್ತರಿಸಬೇಕು. ಆಕ್ಷೇಪದಲ್ಲಿ ಹುರುಳಿದೆ. ಕೆರೆಯೆಂದರೆ ನಡಿಗೆಯ ಹಾದಿ, ಬೆಂಚು, ಬೇಲಿ ಎಂದು ತಿಳಿದ ನಮ್ಮಂಥವರ ಉತ್ಸಾಹದಲ್ಲಿ, ಅದೇ ಕೆರೆಯ ದಂಡೆಯಲ್ಲಿ ದನ ಮೇಯಿಸುತ್ತಿದ್ದವರು, ಹುಲ್ಲು ಕೊಯ್ಯುತ್ತಿದ್ದವರು, ಸೊಪ್ಪು ಆಯುತ್ತಿದ್ದವರು, ಮೀನು ಹಿಡಿಯುತ್ತಿದ್ದವರು ಬೇಲಿಯ ಹೊರಗಾದ ಕಥೆಗಳು ಬೇಕಾದಷ್ಟಿವೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರು ಬೆಂಗಳೂರಿನ ನಿಸರ್ಗದ ಬಗ್ಗೆ ಬರೆದಿರುವುದನ್ನು ಓದಿದವರಿಗೆ ಈ ಸಂಗತಿ ಹೊಸದಲ್ಲ. ಹಾಳೆ ಕೇವಲ ಮನೆಮಾಲೀಕರದಾದರೆ ಅದು ಇನ್ನೊಂದು ಬೇಲಿಯಾಗುತ್ತದೆ. ನಮ್ಮ ಅನುಭವದಲ್ಲಿ ಹಾಳೆಯ ಅರ್ಧ ಸುದ್ದಿ ಬರುವುದು ಉದ್ಯಾನದ ಮಾಲಿಯಿಂದ, ಬೀದಿ ಗುಡಿಸುವ ಪೌರಕಾರ್ಮಿಕ ಹೆಣ್ಣುಮಕ್ಕಳಿಂದ, ಬಡಾವಣೆ ಹುಟ್ಟುವ ಮೊದಲೇ ಇಲ್ಲಿದ್ದ ಹಳೆಯ ಊರಿನವರಿಂದ. ಯಾವ ಮರದ ಎಲೆ ಯಾವ ವಾರ ಉದುರುತ್ತದೆ ಎಂಬುದನ್ನು ಅದನ್ನು ಗುಡಿಸುವವರಿಗಿಂತ ಚೆನ್ನಾಗಿ ಬಲ್ಲವರು ಯಾರು? ನಮ್ಮ ಮೂಲೆಯ ಮೋರಿ ಯಾಕೆ ಉಕ್ಕುತ್ತದೆ ಎಂಬ ಒಗಟನ್ನು ಬಿಡಿಸಿದ್ದು, ಅಲ್ಲಿ ಮೊದಲು ರಾಗಿ ಬೆಳೆಯುತ್ತಿದ್ದ ಹಿರಿಯರೊಬ್ಬರ ಮಾತು: ‘ಅದು ನಮ್ಮ ಗದ್ದೆ ಕಾಲುವೆ ಕಣಪ್ಪ, ನೀವು ಅದರ ಮೇಲೆ ರಸ್ತೆ ಹಾಕಿದ್ದೀರಿ.’

ಆದ್ದರಿಂದಲೇ ಭಾಷೆಯ ಪ್ರಶ್ನೆ ಮುಖ್ಯ. ನಮ್ಮ ಬಹುತೇಕ ವಸತಿ ಸಮುಚ್ಚಯಗಳ ಸೂಚನಾ ಫಲಕಗಳು ಇಂಗ್ಲಿಷಿನಲ್ಲಿ ಮಾತ್ರ ಇರುತ್ತವೆ. ಗೇಟು ಕಾಯುವವರು, ಗಿಡಕ್ಕೆ ನೀರು ಹಾಕುವವರು, ಮನೆಗೆಲಸದವರು ಓದಲಾಗದ ಭಾಷೆಯಲ್ಲಿ ‘ಹಾವು ಕಂಡರೆ ಕೊಲ್ಲಬೇಡಿ’ ಎಂದು ಬರೆದರೆ ಯಾರಿಗೆ ಹೇಳಿದಂತಾಯಿತು? ಕನ್ನಡದ ಹೆಸರುಗಳೂ ಬಳಕೆ ತಪ್ಪುತ್ತಿವೆ. ನಾಮದ ಕೋಳಿ, ಮಿಂಚುಳ್ಳಿ, ಹೆಜ್ಜಾರ್ಲೆ, ಕಂಚುಗಾರ ಹಕ್ಕಿ, ಹಾಲಕ್ಕಿ ಎಂಬ ಹೆಸರುಗಳಲ್ಲಿ ಆ ಹಕ್ಕಿಗಳ ಬಣ್ಣವೂ ದನಿಯೂ ಸ್ವಭಾವವೂ ಇವೆ. ಪೂರ್ಣಚಂದ್ರ ತೇಜಸ್ವಿಯವರು ‘ಕನ್ನಡ ನಾಡಿನ ಹಕ್ಕಿಗಳು’ ಬರೆದು ಓದುಗರ ಕಣ್ಣು ತೆರೆಸಿದರು. ಪುಸ್ತಕದಲ್ಲಿ ಉಳಿದ ಹೆಸರು ಬೀದಿಯಲ್ಲಿ ಉಳಿಯಬೇಕಾದರೆ ಹಾಲಿನ ಬೂತಿನ ಗೋಡೆಯ ಮೇಲೆ ಅದು ಆಗಾಗ ಕಾಣಿಸಿಕೊಳ್ಳಬೇಕು.

ಹಾಳೆ ನಿಸರ್ಗದ ಸ್ತುತಿಪಾಠಕವೂ ಆಗಬಾರದು. ಪಾರಿವಾಳಗಳಿಗೆ ಕಾಳು ಚೆಲ್ಲುವುದರಿಂದ ಮಹಡಿಗಳಲ್ಲಿ ತುಂಬುವ ಹಿಕ್ಕೆ, ಅದರಿಂದ ಶ್ವಾಸಕೋಶಕ್ಕೆ ಆಗುವ ತೊಂದರೆ. ಖಾಲಿ ನಿವೇಶನದ ನೀರಿನಲ್ಲಿ ಡೆಂಗಿ ಸೊಳ್ಳೆ. ಬೀದಿನಾಯಿ ಕಡಿದ ಪ್ರಕರಣ. ಒಳಗೆ ಟೊಳ್ಳಾದ ಕೊಂಬೆ ಇವೂ ನಿಸರ್ಗದ ಸುದ್ದಿಗಳೇ. ಅಪ್ರಿಯ ಸತ್ಯವನ್ನು ಮುಚ್ಚಿಟ್ಟ ಹಾಳೆಯ ಪ್ರಿಯ ಸತ್ಯವನ್ನೂ ಜನ ನಂಬುವುದಿಲ್ಲ.

ಕೆಲವನ್ನು ಅಚ್ಚುಹಾಕದಿರುವ ಸಂಯಮವೂ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಂಥ ಕಡೆ ಇಂದಿಗೂ ಕಾಡುಪಾಪ ಬದುಕಿದೆ. ಮರದಿಂದ ಮರಕ್ಕೆ ಕೊಂಬೆಗಳ ಸೇತುವೆಯಿದ್ದರೆ ಮಾತ್ರ ಅದು ಉಳಿಯಬಲ್ಲದು. ವಿದ್ಯುತ್ ತಂತಿಗಾಗಿ ಕೊಂಬೆ ಸವರುವ ಮುನ್ನ ಹೇಳಬೇಕಾದ ಮಾತು ಇದು. ಆದರೆ ಕಾಡುಪಾಪವಾಗಲಿ ಗೂಬೆಯ ಗೂಡಾಗಲಿ ಇಂಥ ಮರದಲ್ಲೇ ಇದೆ ಎಂದು ಬರೆದರೆ ಮರುದಿನ ಕ್ಯಾಮೆರಾ ಹಿಡಿದ ಗುಂಪು, ಅದಕ್ಕಿಂತ ಕೆಟ್ಟವರು ಆಮೇಲೆ. ದೀಪಾವಳಿಯ ಹೊತ್ತಿನಲ್ಲಿ ಮೂಢನಂಬಿಕೆಗೆ ಗೂಬೆಗಳು ಬಲಿಯಾಗುವ ದೇಶ ಇದು. ಸುದ್ದಿ ಬರೆಯುವವರಿಗೆ ಏನನ್ನು ಬರೆಯಬಾರದು ಎಂಬ ತಿಳಿವೂ ಇರಬೇಕು.

ಇನ್ನು ಪ್ರಾಯೋಗಿಕ ತೊಡಕು. ಇಂಥ ಹಾಳೆಗಳು ಒಬ್ಬರ ಹುಮ್ಮಸ್ಸಿನಿಂದ ಶುರುವಾಗಿ, ಅವರು ಮಗಳ ಬಾಣಂತನಕ್ಕೆಂದು ಆರು ತಿಂಗಳು ಹೊರಟಾಗ ನಿಂತುಹೋಗುತ್ತವೆ. ಇದಕ್ಕೆ ಮದ್ದು ಕೆಲಸವನ್ನು ಚಿಕ್ಕದಾಗಿಡುವುದು. ಎರಡು ಪುಟ ಮೀರಬಾರದು. ಮಳೆಗೆ ಒಬ್ಬರು, ಮರಗಳಿಗೆ ಒಬ್ಬರು, ನೀರು ಮತ್ತು ಮೋರಿಗೆ ಒಬ್ಬರು, ಕನ್ನಡ ತಿದ್ದಲು ಒಬ್ಬರು ಸಾಕು. ಹತ್ತಿರದ ಶಾಲೆಯ ಮಕ್ಕಳಿಗೆ ಒಂದೊಂದು ಮರ ವಹಿಸಿದರೆ ಅವರ ನೋಟಕ್ಕೆ ದಣಿವಿಲ್ಲ. ಖರ್ಚನ್ನು ಸಂಘ ಭರಿಸಲಿ. ರಾಜ್ಯೋತ್ಸವ, ಗಣೇಶೋತ್ಸವಗಳ ಪೆಂಡಾಲಿಗೆ ವೆಚ್ಚ ಮಾಡುವ ಸಂಘಗಳಿಗೆ ತಿಂಗಳಿಗೆ ಕೆಲವು ನೂರು ರೂಪಾಯಿಯ ನೆರಳಚ್ಚು ಪ್ರತಿಗಳು ಭಾರವಲ್ಲ.

ಸರ್ಕಾರವೂ ಮಾಡಬಹುದಾದ್ದಿದೆ. ಹೊಸ ಪಾಲಿಕೆಗಳು ತಮ್ಮ ವಾರ್ಡ್ ಕಚ್ಚಾ ನಕ್ಷೆಗಳನ್ನು, ಮಳೆಮಾಪನದ ಅಂಕಿಗಳನ್ನು, ಮರ ಕಡಿಯುವ ಅರ್ಜಿಗಳನ್ನು ಕನ್ನಡದಲ್ಲಿ, ಬಡಾವಣೆವಾರು ಒದಗಿಸಲಿ. ಪ್ರತಿಯಾಗಿ ಬಡಾವಣೆಗಳ ಹಾಳೆಗಳನ್ನು ವಾರ್ಡ್ ಸಮಿತಿಯ ಸಭೆಯಲ್ಲಿ ಓದಿ, ಜೀವವೈವಿಧ್ಯ ದಾಖಲೆಗೆ ಸೇರಿಸಲಿ. ಜನರು ಕಂಡದ್ದಕ್ಕೆ ಕಚೇರಿಯಲ್ಲಿ ಬೆಲೆಯಿದೆ ಎಂದು ಗೊತ್ತಾದರೆ ಕಾಣುವ ಕಣ್ಣುಗಳು ತಾವಾಗಿ ಹೆಚ್ಚುತ್ತವೆ.

ಪ್ರಜಾಪ್ರಭುತ್ವವನ್ನು ನಾವು ಐದು ವರ್ಷಕ್ಕೊಮ್ಮೆ ಬೆರಳಿಗೆ ಹಚ್ಚಿಸಿಕೊಳ್ಳುವ ಶಾಯಿ ಎಂದು ಭಾವಿಸಿದ್ದೇವೆ. ಅದು ತಾನಿರುವ ಜಾಗದ ಬಗ್ಗೆ ಅಧಿಕಾರಯುತವಾಗಿ ಮಾತನಾಡುವ ಸಾಮರ್ಥ್ಯವೂ ಹೌದು. ಆ ಸಾಮರ್ಥ್ಯ ಬರುವುದು ನೋಡಿದ್ದನ್ನು ದಿನಾಂಕದೊಡನೆ ಬರೆದಿಟ್ಟಾಗ. ಮುಂದಿನ ಮುಂಗಾರಿಗೆ ಮೊದಲು ಪ್ರತಿ ಕ್ಷೇಮಾಭಿವೃದ್ಧಿ ಸಂಘವೂ ಒಂದು ಮಳೆಮಾಪಕ, ಒಂದು ಕಡತ, ಎರಡು ಪುಟಗಳ ಹಾಳೆ ಇಷ್ಟನ್ನು ಸಿದ್ಧಮಾಡಿಕೊಂಡರೆ, ಮೂರು ವರ್ಷಗಳಲ್ಲಿ ಈ ನಗರದ ಬಗ್ಗೆ ಯಾವ ಕಚೇರಿಯಲ್ಲೂ ಇಲ್ಲದ ತಿಳಿವಳಿಕೆ ಅದರ ಬೀದಿಗಳಲ್ಲಿರುತ್ತದೆ. ಆಗ ಮೋರಿ ಅಗೆಯಲು, ಮರ ಕಡಿಯಲು, ಕೆರೆ ಮುಚ್ಚಲು ಬರುವವರು ಮೊದಲು ಆ ಬೀದಿಯವರ ಕಡತಕ್ಕೆ ಉತ್ತರ ಹೇಳಬೇಕಾಗುತ್ತದೆ.